ಸ್ವಲೀನರೂ ಚಲಚ್ಚಿತ್ರಗಳೂ

ಒಂದು ಚಲಚ್ಚಿತ್ರವನ್ನು ನಾವು ಎಷ್ಟು ಸಲ ನೋಡುತ್ತೇವೆ? ಸಾಮಾನ್ಯವಾಗಿ ಒಂದು ಸಲ. ಬಹಳ ಮೆಚ್ಚಿದರೆ ಎರಡೋ ಮೂರೋ ಸಲ. 1977ರಲ್ಲಿ ಬಂದ ‘ಬಭ್ರುವಾಹನ’ ಚಿತ್ರವನ್ನು ಹತ್ತಾರು ಸಲ ನೋಡಿ, ಅದರ ಸಂಭಾಷಣೆಯನ್ನು ಈಗಲೂ ತಡವರಿಸದೆ ಒಪ್ಪಿಸುವ ಹಿರಿಯರು ನಮ್ಮ ಊರುಗಳಲ್ಲಿ ಇದ್ದಾರೆ. ಜನರು ಅವರನ್ನು ಅಭಿಮಾನಿಗಳೆಂದು ಕರೆಯುತ್ತಾರೆಯೇ ಹೊರತು ರೋಗಿಗಳೆಂದು ಕರೆಯುವುದಿಲ್ಲ. ಆದರೆ ಸರಿಯಾಗಿ ಮಾತನಾಡಲಾರದ ಒಂದು ಮಗು ಒಂದೇ ಚಿತ್ರವನ್ನು ಇನ್ನೂರು ಸಲ ನೋಡಿ, ಅದರ ಮಾತುಗಳನ್ನೇ ಹಗಲೂ ರಾತ್ರಿ ಹೇಳುತ್ತಿದ್ದರೆ ಅದಕ್ಕೆ ನಾವು ಕೊಡುವ ಹೆಸರೇ ಬೇರೆ. ಪ್ರಕೃತ ಲೇಖನದ ವಿಷಯ ಈ ಎರಡನೆಯ ಬಗೆಯ ಪ್ರೇಕ್ಷಕರು.

ಇಂಗ್ಲಿಷಿನಲ್ಲಿ ಆಟಿಸಂ ಎಂಬುದನ್ನು ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯರಾದ ಲಿಯೊ ಕ್ಯಾನರ್ ಎಂಬವರು ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಇದಕ್ಕೊಂದು ರೂಪವನ್ನು ಕೊಟ್ಟರು. ಆ ಮಕ್ಕಳಲ್ಲಿ ಅವರು ಮುಖ್ಯವಾಗಿ ಕಂಡದ್ದು ಎರಡು: ಜನರೊಡನೆ ಬೆರೆಯದೆ ತಮ್ಮಷ್ಟಕ್ಕೆ ತಾವಿರುವುದು, ಮತ್ತು ಸುತ್ತಲಿನದು ಇದ್ದಂತೆಯೇ ಇರಬೇಕೆಂಬ ಹಟ. ತಾಯಿಯ ಅಕ್ಕರೆ ಸಾಲದೆ ಮಗು ಹೀಗಾಗುತ್ತದೆಂಬ ವಾದವೊಂದು ಕೆಲವು ಕಾಲ ನಡೆಯಿತು. ಅದೆಷ್ಟು ತಾಯಂದಿರನ್ನು ಅದು ನೋಯಿಸಿತೋ! ಆ ವಾದವನ್ನು ವಿಜ್ಞಾನವು ಕೈಬಿಟ್ಟು ದಶಕಗಳೇ ಸಂದಿವೆ. ಮಿದುಳಿನ ಬೆಳವಣಿಗೆಯೇ ಬೇರೊಂದು ರೀತಿಯಲ್ಲಿ ನಡೆಯುವುದು ಇದಕ್ಕೆ ಕಾರಣವೆಂಬುದು ಈಗ ಸರ್ವಸಮ್ಮತ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿಯೂ ಸ್ವಲೀನತೆಗೆ ಸ್ಥಾನವುಂಟು.

ಸ್ವಲೀನತೆಯೂ ಸಿನಿಮಾವೂ ಎಂದೊಡನೆ ನಮ್ಮಲ್ಲಿ ಅನೇಕರಿಗೆ 1988ರ ‘ರೇನ್ ಮ್ಯಾನ್’ ಅಥವಾ 2010ರ ‘ಮೈ ನೇಮ್ ಈಸ್ ಖಾನ್’ ನೆನಪಾಗಬಹುದು. ಅವು ಸ್ವಲೀನರನ್ನು ಕುರಿತು ಇತರರು ಇತರರಿಗಾಗಿ ಮಾಡಿದ ಚಿತ್ರಗಳು. ಅವುಗಳ ಗುಣದೋಷ ಇರಲಿ. ಸ್ವಲೀನರು ತಾವಾಗಿ ಯಾವ ಚಿತ್ರಗಳನ್ನು ಪ್ರೀತಿಸುತ್ತಾರೆ, ಏಕೆ ಪ್ರೀತಿಸುತ್ತಾರೆ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಕೇಳಿದವರು ಕಡಿಮೆ.

ಕೇಳಿದವರಲ್ಲಿ ಒಬ್ಬರು ಅಮೆರಿಕದ ಪತ್ರಕರ್ತ ರಾನ್ ಸಸ್ಕಿಂಡ್. ಅವರ ಕಿರಿಯ ಮಗ ಓವನ್ ಮೂರು ವರ್ಷದ ಹತ್ತಿರ ಹತ್ತಿರ ಬರುವವರೆಗೆ ಎಲ್ಲ ಮಕ್ಕಳಂತೆ ಮಾತನಾಡುತ್ತಿದ್ದವನು ಕೆಲವೇ ತಿಂಗಳಲ್ಲಿ ಮಾತನ್ನು ಕಳೆದುಕೊಂಡನು. ಕಣ್ಣಿಗೆ ಕಣ್ಣು ಕೊಟ್ಟು ನೋಡುವುದೂ ನಿಂತಿತು. ಅವನಲ್ಲಿ ಉಳಿದ ಒಂದೇ ಆಸಕ್ತಿಯೆಂದರೆ ಡಿಸ್ನಿ ಸಂಸ್ಥೆಯ ವ್ಯಂಗ್ಯಚಿತ್ರದ ಸಿನಿಮಾಗಳು. ಒಂದು ದಿನ ಅವನು ಅರ್ಥವಾಗದ ಒಂದು ಶಬ್ದವನ್ನು ಮತ್ತೆ ಮತ್ತೆ ಹೇಳತೊಡಗಿದನು. ಹಣ್ಣಿನ ರಸ ಕೇಳುತ್ತಿದ್ದಾನೆಂದು ತಿಳಿದು ತಾಯಿ ಲೋಟದಲ್ಲಿ ತಂದುಕೊಟ್ಟರೆ ಹುಡುಗ ಮುಟ್ಟಲಿಲ್ಲ. ಕೆಲವು ವಾರಗಳಾದ ಮೇಲೆ ಮನೆಯವರೆಲ್ಲ ಕುಳಿತು 1989ರ ‘ದಿ ಲಿಟ್ಲ್ ಮರ್ಮೇಡ್’ ನೋಡುತ್ತಿದ್ದಾಗ, ಅವನು ಒಂದು ಜಾಗದಲ್ಲಿ ಟೇಪನ್ನು ಹಿಂದಕ್ಕೆ ತಿರುಗಿಸಿದನು, ಮತ್ತೆ ತಿರುಗಿಸಿದನು. ಕಡಲ ಮಾಟಗಾತಿಯು ಮತ್ಸ್ಯಕನ್ಯೆಯನ್ನು ಮನುಷ್ಯಳನ್ನಾಗಿ ಮಾಡಲು ಬೆಲೆ ಕೇಳುವ ಸನ್ನಿವೇಶ ಅದು. ಅವಳು ಬೇರೇನನ್ನೂ ಬೇಡುವುದಿಲ್ಲ, ಆ ಹುಡುಗಿಯ ಧ್ವನಿಯೊಂದನ್ನೇ ಬೇಡುತ್ತಾಳೆ. ಹುಡುಗನು ವಾರಗಟ್ಟಲೆ ಹೇಳುತ್ತಿದ್ದುದು ಆ ಮಾತನ್ನು! ಧ್ವನಿ ಕಳೆದುಕೊಂಡ ಮಗು, ಧ್ವನಿ ಕಳೆದುಕೊಳ್ಳುವವಳ ಕಥೆಯಲ್ಲಿ ಆ ಒಂದೇ ಸ್ಥಳವನ್ನು ಹುಡುಕಿ ಹಿಡಿದಿತ್ತು.

ಇದು ಬರಿಯ ಪ್ರತಿಧ್ವನಿ, ಗಿಳಿಪಾಠ, ಇದರಲ್ಲಿ ಅರ್ಥವನ್ನು ಹುಡುಕಬಾರದು ಎಂಬುದು ವೈದ್ಯರ ಅಭಿಪ್ರಾಯವಾಗಿತ್ತು. ಆದರೆ ತರುವಾಯ ನಡೆದುದನ್ನು ನೋಡಿ. ಅಣ್ಣನ ಒಂಬತ್ತನೆಯ ಹುಟ್ಟುಹಬ್ಬದ ದಿನ ಆ ದೊಡ್ಡ ಹುಡುಗ ಬೇಸರದಿಂದ ಕಣ್ಣೀರು ಹಾಕಿದ್ದನ್ನು ಕಂಡು ಓವನ್ ತಂದೆತಾಯಿಗಳ ಬಳಿಗೆ ಬಂದು, ಮೌಗ್ಲಿಯಂತೆಯೂ ಪೀಟರ್ ಪ್ಯಾನ್‌ನಂತೆಯೂ ಅಣ್ಣನಿಗೆ ದೊಡ್ಡವನಾಗುವುದು ಇಷ್ಟವಿಲ್ಲ ಎಂಬ ಅರ್ಥದ ಮಾತನ್ನು ಹೇಳಿದನು. ಅದು ಯಾವ ಚಿತ್ರದ ಸಂಭಾಷಣೆಯೂ ಅಲ್ಲ, ಅವನದೇ ವಾಕ್ಯ. ಆ ರಾತ್ರಿ ತಂದೆಯು ‘ಅಲ್ಲಾದ್ದೀನ್’ ಚಿತ್ರದ ಇಯಾಗೊ ಎಂಬ ಗಿಳಿಯ ಬೊಂಬೆಯನ್ನು ಕೈಗೆ ಹಾಕಿಕೊಂಡು, ಹೊದಿಕೆಯ ಮರೆಯಲ್ಲಿ ಅಡಗಿ, ಗಿಳಿಯ ದನಿಯಲ್ಲಿಯೇ ಅವನ ಯೋಗಕ್ಷೇಮ ಕೇಳಿದರು. ವರ್ಷಗಳಿಂದ ಸಂಭಾಷಣೆಯನ್ನೇ ಮಾಡದ ಮಗು, ತನಗೆ ಗೆಳೆಯರಿಲ್ಲ, ಸುಖವಿಲ್ಲ ಎಂದು ಗಿಳಿಗೆ ಉತ್ತರ ಕೊಟ್ಟಿತು. ಮುಂದೆ ಆ ಮನೆಯವರೆಲ್ಲ ಡಿಸ್ನಿ ಪಾತ್ರಗಳ ದನಿಯಲ್ಲಿ ಮಾತನಾಡಲು ಕಲಿತರು. ಚಿತ್ರದ ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಅವನು ಓದುವುದನ್ನೂ ಕಲಿತನು. ತಂದೆಯು 2014ರಲ್ಲಿ ‘ಲೈಫ್, ಅನಿಮೇಟೆಡ್’ ಎಂಬ ಪುಸ್ತಕವನ್ನು ಬರೆದರು. 2016ರಲ್ಲಿ ರೋಜರ್ ರಾಸ್ ವಿಲಿಯಮ್ಸ್ ಅದೇ ಹೆಸರಿನ ಸಾಕ್ಷ್ಯಚಿತ್ರವನ್ನು ನಿರ್ದೇಶಿಸಿದರು. ಅದು ಆಸ್ಕರ್ ಪ್ರಶಸ್ತಿಗೂ ನಾಮನಿರ್ದೇಶನ ಪಡೆಯಿತು.

ಡಿಸ್ನಿಯೇ ಏಕೆ? ಇಲ್ಲಿ ಮನಶ್ಶಾಸ್ತ್ರದ ಒಂದು ಪ್ರಯೋಗವನ್ನು ನೆನೆಯಬೇಕು. 2002ರಲ್ಲಿ ಏಮಿ ಕ್ಲಿನ್ ಮತ್ತು ಅವರ ಸಹೋದ್ಯೋಗಿಗಳು ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸ್ವಲೀನತೆಯುಳ್ಳ 15 ಮಂದಿಗೂ ಇಲ್ಲದ 15 ಮಂದಿಗೂ 1966ರ ‘ಹೂ ಈಸ್ ಅಫ್ರೇಡ್ ಆಫ್ ವರ್ಜೀನಿಯ ವುಲ್ಫ್?’ ಎಂಬ ಚಿತ್ರದ ಕೆಲವು ದೃಶ್ಯಗಳನ್ನು ತೋರಿಸಿ, ಅವರ ಕಣ್ಣು ತೆರೆಯ ಮೇಲೆ ಎಲ್ಲೆಲ್ಲಿ ಹೋಗುತ್ತದೆಂಬುದನ್ನು ಯಂತ್ರದಿಂದ ಗುರುತಿಸಿದರು. ಇತರರು ನಟರ ಕಣ್ಣುಗಳನ್ನು ನೋಡಿದರೆ ಸ್ವಲೀನರು ಬಹುಪಾಲು ಬಾಯನ್ನೂ, ದೇಹವನ್ನೂ, ಕೋಣೆಯ ವಸ್ತುಗಳನ್ನೂ ನೋಡಿದರು. ಒಂದು ಕಡೆ ಪಾತ್ರವೊಂದು ಗೋಡೆಯ ಚಿತ್ರದತ್ತ ಬೆರಳು ಮಾಡಿ ಅದನ್ನು ಬರೆದವರು ಯಾರೆಂದು ಕೇಳುತ್ತದೆ. ಸಾಮಾನ್ಯ ಪ್ರೇಕ್ಷಕನ ಕಣ್ಣು ಬೆರಳಿನ ಜಾಡು ಹಿಡಿದು ನೆಟ್ಟಗೆ ಆ ಚಿತ್ರಕ್ಕೆ ಹೋಯಿತು. ಸ್ವಲೀನ ಪ್ರೇಕ್ಷಕನ ಕಣ್ಣು ಬೆರಳನ್ನು ಲೆಕ್ಕಿಸದೆ, ಮಾತು ಕೇಳಿಸಿದ ಮೇಲೆ ಹೊರಟು, ಗೋಡೆಯ ಮೇಲಿನ ಚಿತ್ರಗಳಲ್ಲಿ ಯಾವುದೆಂದು ತಿಳಿಯದೆ ಅಲೆಯಿತು. ನಿಜವಾದ ಮುಖಗಳ ಮಾತಿಲ್ಲದ ಸೂಚನೆಗಳು ಅವನಿಗೆ ಕೈಗೆ ಸಿಗದೆ ಜಾರಿಹೋಗುತ್ತವೆ. ನಾವು ಓದದೆಯೇ ಓದಿಕೊಳ್ಳುವ ಲಿಪಿ ಅದು. ಅವನಿಗೆ ಅದನ್ನು ಯಾರೂ ಕಲಿಸಿಲ್ಲ.

ವ್ಯಂಗ್ಯಚಿತ್ರದಲ್ಲಾದರೋ ಆ ಲಿಪಿ ದಪ್ಪಕ್ಷರದಲ್ಲಿದೆ. ಕಣ್ಣುಗಳು ಮುಖದ ಅರ್ಧದಷ್ಟು. ಕೋಪ ಬಂದರೆ ಹುಬ್ಬು ಮೂಗಿಗೆ ಇಳಿಯುತ್ತದೆ. ದುಃಖವಾದರೆ ಇಡೀ ದೇಹವೇ ಕುಸಿಯುತ್ತದೆ. ಡಿಸ್ನಿಯ ಚಿತ್ರಕಾರರು ಮೇಜಿನ ಮೇಲೊಂದು ಕನ್ನಡಿಯನ್ನಿಟ್ಟುಕೊಂಡು ತಮ್ಮ ಮುಖವನ್ನೇ ನೋಡಿ ಭಾವಗಳನ್ನು ಬರೆಯುತ್ತಿದ್ದರು. ಇದು ನಮಗೇನೂ ಹೊಸತಲ್ಲ. ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬಂದಾಗ ಕೊನೆಯ ಸಾಲಿನ ಮಗುವಿಗೂ ಅದು ರಾಕ್ಷಸನೆಂದು ಗೊತ್ತಾಗುವುದಿಲ್ಲವೆ? ಇಂಗ್ಲೆಂಡಿನ ಸ್ವಲೀನ ಮಕ್ಕಳಿಗೆ ‘ಥಾಮಸ್’ ಎಂಬ ರೈಲು ಎಂಜಿನ್ನಿನ ಮೇಲಿರುವ ಪ್ರೀತಿಗೂ ಇದೇ ಕಾರಣವಿರಬೇಕು. 1984ರಲ್ಲಿ ದೂರದರ್ಶನಕ್ಕೆ ಬಂದ ಆ ಮಾಲಿಕೆಯಲ್ಲಿ ಎಂಜಿನ್ನಿನ ಮುಖ ಒಂದು ಭಾವದಲ್ಲಿ ಸ್ಥಿರವಾಗಿ ನಿಂತಿರುತ್ತದೆ, ಮತ್ತು ಅದು ಯಾವ ಭಾವವೆಂದು ನಿರೂಪಕನು ಬಾಯಿಬಿಟ್ಟು ಹೇಳುತ್ತಾನೆ. ಇದನ್ನು ಗಮನಿಸಿದ ಕೇಂಬ್ರಿಜ್‌ನ ಸೈಮನ್ ಬ್ಯಾರನ್-ಕೋಹೆನ್ ತಂಡದವರು ಮನುಷ್ಯಮುಖದ ವಾಹನಗಳಿರುವ ‘ಟ್ರಾನ್ಸ್‌ಪೋರ್ಟರ್ಸ್’ ಎಂಬ 15 ಚಿಕ್ಕ ಚಿತ್ರಗಳನ್ನು ಮಾಡಿಸಿದರು. ನಾಲ್ಕರಿಂದ ಏಳು ವರ್ಷದ ಸ್ವಲೀನ ಮಕ್ಕಳು ನಾಲ್ಕು ವಾರ ಅವನ್ನು ನೋಡಿದ ಮೇಲೆ ಭಾವಗಳನ್ನು ಗುರುತಿಸುವುದರಲ್ಲಿ ಬಹಳ ಮುಂದುವರಿದರೆಂದು 2010ರಲ್ಲಿ ಪ್ರಕಟಿಸಿದರು.

ಎರಡನೆಯ ಕಾರಣ, ಚಿತ್ರವು ಬದಲಾಗದಿರುವುದು. ಮನುಷ್ಯರು ನಿನ್ನೆಯಂತೆ ಇಂದು ಇರುವುದಿಲ್ಲ. ನಿನ್ನೆ ನಕ್ಕ ಮೇಷ್ಟರು ಇಂದು ಅದೇ ಮಾತಿಗೆ ಗದರುತ್ತಾರೆ. ಸಿಂಬನ ತಂದೆ ಮಾತ್ರ ಪ್ರತಿ ಸಲವೂ ಅದೇ ನಿಮಿಷದಲ್ಲಿಯೇ ಸಾಯುತ್ತಾನೆ. ಮುಂದೇನೆಂದು ಗೊತ್ತಿರುವುದರಿಂದ ಆ ದುಃಖವನ್ನು ಹೆದರದೆ ನೋಡಬಹುದು. ನಮಗೆ ಬೇಸರ ತರುವ ಪುನರಾವೃತ್ತಿಯೇ ಅವರಿಗೆ ಅಭ್ಯಾಸದ ಗರಡಿ ಎಂದು ನನಗೆ ತೋರುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವೆಂದು ನನ್ನ ಎಣಿಕೆ. ಸಿನಿಮಾ ಅವರಿಗೆ ಸಿದ್ಧವಾದ ವಾಕ್ಯಗಳ ಕಣಜ. 1946ರಲ್ಲಿಯೇ ಕ್ಯಾನರ್ ಇನ್ನೊಂದು ಲೇಖನದಲ್ಲಿ, ಸ್ವಲೀನ ಮಕ್ಕಳ ಅಸಂಬದ್ಧವೆಂದು ತೋರುವ ಮಾತುಗಳಿಗೆ ಮೂಲವುಂಟೆಂದು ತೋರಿಸಿದ್ದರು. ಒಬ್ಬ ಹುಡುಗ ಏನನ್ನಾದರೂ ಎಸೆಯಬೇಕೆನಿಸಿದಾಗಲೆಲ್ಲ ನಾಯಿಯನ್ನು ಮಹಡಿಯಿಂದ ಎಸೆಯಬೇಡವೆಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹಿಂದೊಮ್ಮೆ ಅವನು ಆಟದ ನಾಯಿಯನ್ನು ಹೋಟೆಲಿನ ಮಹಡಿಯಿಂದ ಎಸೆದಾಗ ತಾಯಿ ಗದರಿದ ಮಾತು ಅದು.

ನಮ್ಮ ಸೋದರತ್ತೆಯ ಮಗನೊಬ್ಬನಿದ್ದಾನೆ; ಒಂಬತ್ತು ವರ್ಷ. ಮೊಬೈಲಿನಲ್ಲಿ ಒಂದೇ ಕನ್ನಡ ಚಿತ್ರವನ್ನು ನೋಡುತ್ತಾನೆ. ಮನೆಗೆ ನೆಂಟರು ಬಂದು ಗದ್ದಲವಾದರೆ ಆ ಚಿತ್ರದ ಪೊಲೀಸ್ ಅಧಿಕಾರಿಯು ಗುಂಪನ್ನು ಚದುರಿಸುವ ಮಾತನ್ನು ಅದೇ ಠೀವಿಯಿಂದ ಹೇಳುತ್ತಾನೆ. ನೆಂಟರು ನಗುತ್ತಾರೆ. ಒಬ್ಬ ವೈದ್ಯರು ಮೊಬೈಲನ್ನು ಪೂರ್ತಿ ಬಿಡಿಸಿ ಎಂದರು, ಬಿಡಿಸಿದರು. ಹುಡುಗನ ಬಾಯಲ್ಲಿದ್ದ ಆ ನಾಲ್ಕು ಮಾತೂ ಎರಡು ತಿಂಗಳಲ್ಲಿ ನಿಂತುಹೋದವು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ, “ನೀನು ಓದಿದವನು, ನಿನ್ನ ಪುಸ್ತಕದಾಗೆ ಏನೈತೆ ಹೇಳಪ್ಪ” ಎಂದು ಅತ್ತೆ ಕೇಳಿದರು. ಕ್ಯಾನರನ ಹುಡುಗನ ಕಥೆಯನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರೆ ಅವನು ಗಲಾಟೆ ತಡೀಲಾರೆ ಅಂತಿದ್ನಾ?” ಎಂದರು. ಈಗ ದಿನಕ್ಕೆ ಒಂದು ಗಂಟೆ ಅವರೂ ಅವನ ಪಕ್ಕದಲ್ಲಿ ಕುಳಿತು ಆ ಚಿತ್ರವನ್ನು ನೋಡುತ್ತಾರೆ. ಅವನ ಮಾತು ಎರಡು ಮರಳಿವೆ. ಹೊತ್ತುಗೊತ್ತಿಲ್ಲದೆ ಮಗುವನ್ನು ಪರದೆಯ ಮುಂದೆ ಕೂರಿಸಬೇಕೆಂದು ನಾನು ವಾದಿಸುತ್ತಿಲ್ಲ. ಒಂಟಿಯಾಗಿ ನೋಡುವುದಕ್ಕೂ ಜೊತೆಗೆ ಕುಳಿತು ನೋಡುವುದಕ್ಕೂ ವ್ಯತ್ಯಾಸವುಂಟು.

ಎಲ್ಲ ಸ್ವಲೀನರಿಗೂ ವ್ಯಂಗ್ಯಚಿತ್ರಗಳೇ ಇಷ್ಟವೆಂದು ತಿಳಿಯಬಾರದು. ಪಶುವಿಜ್ಞಾನದ ಪ್ರಾಧ್ಯಾಪಕಿ, ಸ್ವತಃ ಸ್ವಲೀನರಾದ ಟೆಂಪಲ್ ಗ್ರ್ಯಾಂಡಿನ್ ಅವರಿಗೆ ಮೆಚ್ಚಿಗೆಯಾದದ್ದು ‘ಸ್ಟಾರ್ ಟ್ರೆಕ್’. ತರ್ಕವನ್ನೇ ನೆಚ್ಚಿ, ಮನುಷ್ಯರ ಭಾವೋದ್ವೇಗವನ್ನು ಹೊರಗಿನಿಂದ ನೋಡುವ ಅದರ ಸ್ಪಾಕ್ ಎಂಬ ಪಾತ್ರದಲ್ಲಿ ಅವರು ತಮ್ಮನ್ನೇ ಕಂಡರು. ತಮ್ಮ ಯೋಚನೆಯೇ ಮನಸ್ಸಿನಲ್ಲಿ ಓಡುವ ಚಲಚ್ಚಿತ್ರದಂತೆ ಎಂದೂ ಅವರು ಬರೆದಿದ್ದಾರೆ. ಓವನ್‌ನಿಗಾದರೆ ನಾಯಕರು ಬೇಡವಾಗಿದ್ದರು. ಅವನ ಪುಸ್ತಕದ ತುಂಬ ಅವನು ಬರೆದ ಚಿತ್ರಗಳು ನಾಯಕನ ಬೆನ್ನಿಗಿರುವ ಜೊತೆಗಾರರವು: ಏಡಿ ಸೆಬಾಸ್ಟಿಯನ್, ಕರಡಿ ಬಾಲೂ, ಮಂಗ ರಫೀಕಿ. ತಾನು ಅಂಥವರ ರಕ್ಷಕನೆಂದು ಅವನು ಬರೆದುಕೊಂಡನು. ಶಾಲೆಯಲ್ಲಿ ಎಂದೂ ನಾಯಕನಾಗದ ಹುಡುಗ ತನ್ನ ಸ್ಥಾನವನ್ನು ಎಷ್ಟು ಸರಿಯಾಗಿ ಅರಿತಿದ್ದ!

ಈ ಆಶ್ರಯಕ್ಕೆ ಮಿತಿಯೂ ಉಂಟು. ಡಿಸ್ನಿಯ ಕಥೆ ಚುಂಬನದೊಂದಿಗೆ ಮುಗಿಯುತ್ತದೆ. ಬೆಳೆದು ದೊಡ್ಡವನಾದ ಓವನ್‌ನ ಗೆಳತಿ ಅವನನ್ನು ಬಿಟ್ಟುಹೋದಾಗ, ಆ ನೋವಿಗೆ ಯಾವ ಚಿತ್ರದಲ್ಲಿಯೂ ಸಿದ್ಧವಾದ ಮಾತಿರಲಿಲ್ಲ. ಸಾಕ್ಷ್ಯಚಿತ್ರದಲ್ಲಿ ಅವನು ಉತ್ತರವಿಲ್ಲದ ಪ್ರಶ್ನೆಗಳನ್ನು ತಾಯಿಗೆ ಕೇಳುವ ಭಾಗ ನೋಡಲು ಕಷ್ಟವಾಗುತ್ತದೆ. ಆದರೆ ಅದೇ ಚಿತ್ರದಲ್ಲಿ ಅವನು ಕಟ್ಟಿದ ಡಿಸ್ನಿ ಕ್ಲಬ್ ಕೂಡ ಇದೆ. ಅವನಂಥ ಯುವಕ ಯುವತಿಯರು ಸೇರಿ ಒಂದೊಂದು ದೃಶ್ಯವನ್ನೂ ನಿಲ್ಲಿಸಿ ಅರ್ಥ ಹೇಳುತ್ತಾರೆ. ‘ಅಲ್ಲಾದ್ದೀನ್’ ಚಿತ್ರದಲ್ಲಿ ಇಯಾಗೊ ಗಿಳಿಗೆ ದನಿ ಕೊಟ್ಟ ಗಿಲ್ಬರ್ಟ್ ಗಾಟ್‌ಫ್ರೀಡ್ ಅಲ್ಲಿಗೆ ಬಂದಾಗ ಅವರ ಸಂಭ್ರಮಕ್ಕೆ ಎಣೆಯಿರಲಿಲ್ಲ.

ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಕೆಲವು ಚಿತ್ರಮಂದಿರಗಳು ಸ್ವಲೀನರಿಗಾಗಿ ಪ್ರತ್ಯೇಕ ಪ್ರದರ್ಶನಗಳನ್ನು ಏರ್ಪಡಿಸುತ್ತವೆ. ದೀಪಗಳನ್ನು ಪೂರ್ತಿ ಆರಿಸುವುದಿಲ್ಲ, ಸದ್ದನ್ನು ತಗ್ಗಿಸಿರುತ್ತಾರೆ, ಎದ್ದು ಓಡಾಡಬಹುದು, ಹಾಡಬಹುದು, ಪಾತ್ರದೊಡನೆ ಮಾತು ಒಪ್ಪಿಸಬಹುದು. ನಮ್ಮ ಹಿರಿಯರು ಹೇಳುವ ಟೆಂಟು ಸಿನಿಮಾ ಬಹುಮಟ್ಟಿಗೆ ಹೀಗೆಯೇ ಇತ್ತಂತೆ: ನೆಲದ ಮೇಲೆ ಕುಳಿತು, ಸಾಕಾದರೆ ಮಲಗಿ, ಮಕ್ಕಳು ಅತ್ತಿಂದಿತ್ತ ಓಡುತ್ತ, ಗೊತ್ತಿದ್ದ ಸಂಭಾಷಣೆಯನ್ನು ಗಟ್ಟಿಯಾಗಿ ಹೇಳುತ್ತ ನೋಡುತ್ತಿದ್ದರು. ಸದ್ದು ಮಾತ್ರ ತಗ್ಗಿದ್ದಿಲ್ಲ. ಯಾರೂ ಯಾರಿಗೂ ಸುಮ್ಮನಿರೆಂದು ಹೇಳುತ್ತಿರಲಿಲ್ಲವಂತೆ.