ಮುಖಕ್ಕೆ ಕರೆಂಟ್ ಕೊಟ್ಟರೆ ಸೀರಮ್ ಒಳಗೆ ಹೋಗುತ್ತಾ?

ಬ್ಯೂಟಿ ಟಿಪ್ಸ್ ಅಂದುಕೊಂಡು ಸ್ಕ್ರೋಲ್ ಮಾಡಿ ಮುಂದೆ ಹೋಗಬೇಡಿ. ಈ ಲೇಖನದಲ್ಲಿ ಇರೋದು ನಾವು ಪಿಯುಸಿಯಲ್ಲಿ ಓದಿ ಮರೆತ ಫ್ಯಾರಡೆ ನಿಯಮ, ಸ್ವಲ್ಪ ಪಿಎಚ್, ಸ್ವಲ್ಪ ಅಲ್ಟ್ರಾಸೌಂಡ್. ಆನ್‌ಲೈನ್‌ನಲ್ಲಿ ಮುಖಕ್ಕೆ ಉಜ್ಜುವ ಚಿಕ್ಕ ಚಿಕ್ಕ ಉಪಕರಣಗಳು ಬರುತ್ತವಲ್ಲ, ಅವುಗಳ ಜಾಹೀರಾತು ಹೆಚ್ಚುಕಮ್ಮಿ ಒಂದೇ: ಸುಕ್ಕು ತಡೆಯುವ ಸೀರಮ್ ಬರೀ ಕೈಯಲ್ಲಿ ಹಚ್ಚಿದರೆ ಮೇಲೇ ಉಳಿಯುತ್ತೆ, ನಮ್ಮ ಮೆಷಿನ್ ಓಡಿಸಿದರೆ ಆಳಕ್ಕೆ ಇಳಿಯುತ್ತೆ. ಇದರಲ್ಲಿ ಎಷ್ಟು ನಿಜ ಅಂತ ಲೆಕ್ಕ ಹಾಕಿ ನೋಡೋಣ.

ಮೊದಲು ಚರ್ಮ. ಅದರ ಅತಿ ಮೇಲಿನ ಪದರಕ್ಕೆ ಸ್ಟ್ರಾಟಮ್ ಕಾರ್ನಿಯಮ್ ಅಂತ ಹೆಸರು. ದಪ್ಪ ಸುಮಾರು 10ರಿಂದ 20 ಮೈಕ್ರೋಮೀಟರ್. ನಾವು ಪ್ರಿಂಟ್ ತೆಗೆಯುವ ಎ4 ಹಾಳೆ ಸುಮಾರು 100 ಮೈಕ್ರೋಮೀಟರ್ ಇರುತ್ತೆ, ಅಂದರೆ ಈ ಪದರ ಹೆಚ್ಚೆಂದರೆ ಹಾಳೆಯ ಐದನೇ ಒಂದು ಭಾಗ. ಆದರೂ ದೇಹದ ಕಾವಲುಗಾರ ಇದೇ. ಸತ್ತ ಜೀವಕೋಶಗಳು ಇಟ್ಟಿಗೆ ಥರ, ಅವುಗಳ ಮಧ್ಯೆ ಸೆರಮೈಡ್, ಕೊಲೆಸ್ಟ್ರಾಲ್ ಮತ್ತು ಕೊಬ್ಬಿನ ಆಮ್ಲಗಳು ಗಾರೆ ಥರ. ಗಾರೆ ಎಣ್ಣೆ ಜಾತಿಯದು, ಆದ್ದರಿಂದ ನೀರಿನಲ್ಲಿ ಕರಗುವ, ಚಾರ್ಜ್ ಇರುವ ಅಣುಗಳಿಗೆ ದಾರಿ ಸುಲಭವಾಗಿ ಸಿಗಲ್ಲ. ದೊಡ್ಡ ಅಣುಗಳಿಗೂ ಅಷ್ಟೆ. 2000ರಲ್ಲಿ ಬೋಸ್ ಮತ್ತು ಮೈನಾರ್ಡಿ ಎಂಬ ಇಬ್ಬರು ಬರೆದ '500 ಡಾಲ್ಟನ್ ನಿಯಮ' ಇವತ್ತಿಗೂ ಎಲ್ಲರೂ ಹೇಳುವ ಅಂದಾಜು: ಅದಕ್ಕಿಂತ ಭಾರದ ಅಣು ಆರೋಗ್ಯವಾದ ಚರ್ಮವನ್ನು ದಾಟೋದು ತೀರಾ ಕಷ್ಟ.

ಈಗ ಸೀರಮ್ ಬಾಟಲಿ ತಿರುಗಿಸಿ ನೋಡಿ. ನಯಾಸಿನಮೈಡ್ 122 ಡಾಲ್ಟನ್, ವಿಟಮಿನ್ ಸಿ 176, ರೆಟಿನಾಲ್ 286. ಮೂರೂ ಸಣ್ಣವೇ. ಹಯಲುರಾನಿಕ್ ಆಮ್ಲ ಕೆಲವು ಸಾವಿರದಿಂದ ಹತ್ತು ಲಕ್ಷ ದಾಟುವವರೆಗೆ ಇರುತ್ತೆ. ಕೊಲಾಜೆನ್ ಅಂತೂ ಸುಮಾರು 3,00,000. ಸುಕ್ಕಿನ ವಿಷಯ ನಿರ್ಧಾರ ಆಗೋದು ಕೆಳಗಿನ ಡರ್ಮಿಸ್ ಪದರದಲ್ಲಿ, ನಮ್ಮದೇ ಕೊಲಾಜೆನ್ ಇರೋ ಜಾಗದಲ್ಲಿ. 'ಕೊಲಾಜೆನ್ ಕ್ರೀಮ್ ಜೊತೆ ಬಳಸಿ' ಅಂತ ಉಪಕರಣದ ಡಬ್ಬಿ ಮೇಲೆ ಬರೆದಿದ್ದರೆ ಅಲ್ಲೇ ಅನುಮಾನ ಬರಬೇಕು.

ಹಾಗಂತ ಕರೆಂಟ್‌ನಿಂದ ಔಷಧಿ ಒಳಗೆ ಹೋಗೋದೇ ಸುಳ್ಳಾ ಅಂದರೆ, ಅಲ್ಲ. ಇದಕ್ಕೆ ಅಯಾಂಟೊಫೊರೆಸಿಸ್ ಅಂತಾರೆ. 1900ರ ಹೊತ್ತಿಗೆ ಫ್ರಾನ್ಸ್‌ನ ಸ್ಟೆಫಾನ್ ಲೆಡ್ಯುಕ್ ಮಾಡಿದ ಪ್ರಯೋಗ ಕೇಳಿದರೆ ಬೇಜಾರಾಗುತ್ತೆ, ಆದರೆ ಮರೆಯೋಕಾಗಲ್ಲ. ಎರಡು ಮೊಲಗಳನ್ನು ಸೀರೀಸ್‌ನಲ್ಲಿ ಜೋಡಿಸಿದ. ಒಂದರ ಪಾಸಿಟಿವ್ ಎಲೆಕ್ಟ್ರೋಡ್‌ಗೆ ಸ್ಟ್ರಿಕ್‌ನಿನ್, ಇನ್ನೊಂದರ ನೆಗೆಟಿವ್ ಎಲೆಕ್ಟ್ರೋಡ್‌ಗೆ ಸಯನೈಡ್. ಕರೆಂಟ್ ಹರಿಸಿದಾಗ ಎರಡೂ ಸತ್ತವು. ಪೋಲಾರಿಟಿ ತಿರುಗಿಸಿ ಬೇರೆ ಮೊಲಗಳ ಮೇಲೆ ಮಾಡಿದಾಗ ಏನೂ ಆಗಲಿಲ್ಲ. ಪಾಸಿಟಿವ್ ಅಯಾನನ್ನು ಪಾಸಿಟಿವ್ ಎಲೆಕ್ಟ್ರೋಡ್ ತಳ್ಳುತ್ತೆ, ನೆಗೆಟಿವ್ ಅಯಾನನ್ನು ನೆಗೆಟಿವ್ ಎಲೆಕ್ಟ್ರೋಡ್ ತಳ್ಳುತ್ತೆ, ಅಷ್ಟೇ ವಿಷಯ. ಇವತ್ತಿಗೂ ಅಂಗೈ ತುಂಬಾ ಬೆವರುವವರಿಗೆ ಚರ್ಮದ ಡಾಕ್ಟರು ನಲ್ಲಿ ನೀರಿನ ತಟ್ಟೆಯಲ್ಲಿ ಕೈ ಇಡಿಸಿ 15-20 ಮಿಲಿಆಂಪಿಯರ್ ಹರಿಸುವ ಚಿಕಿತ್ಸೆ ಕೊಡುತ್ತಾರೆ. (ಇಂಟರ್ನಲ್ಸ್‌ನಲ್ಲಿ ಆನ್ಸರ್ ಶೀಟ್ ಒದ್ದೆ ಆಗುವವರು ಗಮನಿಸಿ.)

ದಾವಣಗೆರೆಯ ನಮ್ಮ ಚಿಕ್ಕಮ್ಮ ಇಂಥದೊಂದು ಉಪಕರಣಕ್ಕೆ ಆರೂವರೆ ಸಾವಿರ ಕೊಟ್ಟು, "ನೀನು ಎಲೆಕ್ಟ್ರಿಕಲ್ ಓದ್ತಿದ್ದೀಯಲ್ಲ ಪುಟ್ಟಾ, ಇದು ನಿಜವಾಗ್ಲೂ ಕೆಲಸ ಮಾಡುತ್ತಾ ಹೇಳು, ರಿಟರ್ನ್ ಮಾಡೋಕೆ ಇನ್ನೂ ನಾಕು ದಿನ ಇದೆ" ಅಂತ ಕೇಳಿದ್ದರು. ಅವರಿಗೆ ಮಾಡಿ ತೋರಿಸಿದ ಲೆಕ್ಕವನ್ನೇ ಇಲ್ಲಿ ಬರೀತೀನಿ.

ಕರೆಂಟ್ ಅರ್ಧ ಮಿಲಿಆಂಪಿಯರ್, ಸಮಯ 5 ನಿಮಿಷ ಅಂತ ಇಟ್ಕೊಳ್ಳಿ. ಚಾರ್ಜ್ 0.0005 × 300 = 0.15 ಕೂಲಂಬ್. ಫ್ಯಾರಡೆ ಸ್ಥಿರಾಂಕ 96,485ರಿಂದ ಭಾಗಿಸಿದರೆ ಸುಮಾರು 1.55 ಮೈಕ್ರೋಮೋಲ್. ವಿಟಮಿನ್ ಸಿ ಅಣುಭಾರ 176ರಿಂದ ಗುಣಿಸಿದರೆ 0.27 ಮಿಲಿಗ್ರಾಂ. ಚರ್ಮ ದಾಟುವ ಅಷ್ಟೂ ಕರೆಂಟನ್ನು ವಿಟಮಿನ್ ಸಿ ಒಂದೇ ಹೊತ್ತರೆ ಕರೆಂಟ್ ತಳ್ಳಬಹುದಾದ ಗರಿಷ್ಠ ಇಷ್ಟು. ಆದರೆ ನಮ್ಮ ದೇಹದ ತುಂಬಾ ಸೋಡಿಯಂ, ಕ್ಲೋರೈಡ್ ಇವೆ. ಅವು ಸಣ್ಣವು, ಚುರುಕು, ಹೆಚ್ಚಿನ ಕರೆಂಟನ್ನು ಅವೇ ಹೊತ್ಕೊಂಡು ಹೋಗುತ್ತವೆ. ನಮ್ಮ ಅಣುವಿನ ಪಾಲು 5 ಶೇಕಡಾ ಅಂತ ಉದಾರವಾಗಿ ಇಟ್ಟರೂ 0.014 ಮಿಲಿಗ್ರಾಂ. ಮುಖಕ್ಕೆ ಹಚ್ಚಿದ ಅರ್ಧ ಎಂಎಲ್, 10 ಶೇಕಡಾ ಸೀರಮ್‌ನಲ್ಲಿ ಇರೋದು 50 ಮಿಲಿಗ್ರಾಂ. ಕರೆಂಟ್ ಜಾಸ್ತಿ ಮಾಡಿದರಾಯ್ತು ಅನ್ನಬೇಡಿ. ಚದರ ಸೆಂಟಿಮೀಟರ್‌ಗೆ ಸುಮಾರು 0.5 ಮಿಲಿಆಂಪಿಯರ್ ಅನ್ನೋದು ಮನುಷ್ಯ ತಡೆದುಕೊಳ್ಳುವ ಮಿತಿ, ಅದರ ಮೇಲೆ ಉರಿ, ಸುಟ್ಟ ಗಾಯ.

ಇನ್ನೂ ಮಜಾ ಇರೋದು ಪಿಎಚ್‌ನಲ್ಲಿ. ವಿಟಮಿನ್ ಸಿ ತನ್ನಷ್ಟಕ್ಕೆ ಚರ್ಮದೊಳಗೆ ಇಳಿಯಬೇಕಾದರೆ ಸೀರಮ್ ಪಿಎಚ್ 3.5ಕ್ಕಿಂತ ಕಡಿಮೆ ಇರಬೇಕು ಅಂತ 2001ರಲ್ಲಿ ಹಂದಿಯ ಚರ್ಮದ ಮೇಲೆ ಮಾಡಿದ ಅಧ್ಯಯನ ತೋರಿಸಿತು. ಕಾರಣ, ಇದರ ಪಿಕೆಎ 4.2, ಅದಕ್ಕಿಂತ ಕೆಳಗೆ ಹೋದಷ್ಟೂ ಅಣುವಿಗೆ ಚಾರ್ಜ್ ಇರಲ್ಲ. ಪಿಎಚ್ 3.2 ಆದರೆ ಹನ್ನೊಂದರಲ್ಲಿ ಒಂದಕ್ಕೆ ಮಾತ್ರ ನೆಗೆಟಿವ್ ಚಾರ್ಜ್. ಚಾರ್ಜ್ ಇಲ್ಲದ್ದನ್ನು ಕರೆಂಟ್ ತಳ್ಳೋದು ಹೇಗೆ? ಪಿಎಚ್ ಏರಿಸಿದರೆ ಚಾರ್ಜ್ ಬರುತ್ತೆ, ಆದರೆ ಸೀರಮ್ ಬೇಗ ಆಕ್ಸಿಡೈಸ್ ಆಗಿ ಹಳದಿ-ಕಂದು ಬಣ್ಣಕ್ಕೆ ತಿರುಗುತ್ತೆ. ಅಂದರೆ ಒಳ್ಳೆಯ ವಿಟಮಿನ್ ಸಿ ಸೀರಮ್ಮೇ ಈ ಮೆಷಿನ್‌ಗೆ ಹೊಂದಲ್ಲ. ಮ್ಯಾಗ್ನೀಸಿಯಂ ಅಸ್ಕಾರ್ಬಿಲ್ ಫಾಸ್ಫೇಟ್ ಥರದ, ಯಾವಾಗಲೂ ಚಾರ್ಜ್ ಇರುವ ರೂಪವಾದರೆ ತರ್ಕ ಕೂಡುತ್ತೆ, ಆಗಲೂ ಬಟನ್ ನೆಗೆಟಿವ್‌ನಲ್ಲಿ ಇರಬೇಕು. ನಯಾಸಿನಮೈಡ್, ರೆಟಿನಾಲ್ ಎರಡಕ್ಕೂ ಚಾರ್ಜ್ ಇಲ್ಲ. ಪಾಸಿಟಿವ್ ಕಡೆಯಿಂದ ಕರೆಂಟ್ ಜೊತೆ ಸ್ವಲ್ಪ ನೀರೂ ಹರಿಯುತ್ತೆ, ಎಲೆಕ್ಟ್ರೋ ಆಸ್ಮೋಸಿಸ್. ನಯಾಸಿನಮೈಡ್‌ಗೆ ಅದರಲ್ಲಿ ಒಂಚೂರು ಲಿಫ್ಟ್ ಸಿಗಬಹುದು. ಎಣ್ಣೆಯಲ್ಲಿ ಕರಗುವ ರೆಟಿನಾಲ್‌ಗೆ ಅದೂ ಇಲ್ಲ.

ಇದೆಲ್ಲ ಡಿಸಿ ಇದ್ದರೆ ಮಾತ್ರ. 'ಮೈಕ್ರೋಕರೆಂಟ್', 'ಇಎಂಎಸ್' ಅಂತ ಮಾರುವ ಎಷ್ಟೋ ಉಪಕರಣಗಳು ಕೊಡೋದು ಎರಡೂ ದಿಕ್ಕಿನ ಪಲ್ಸ್. ಸರಾಸರಿ ಸೊನ್ನೆ. ಅಯಾನು ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಸ್ನಾಯು ಅದುರುತ್ತೆ, ಸೀರಮ್ ಇದ್ದಲ್ಲೇ ಇರುತ್ತೆ. ಚಾರ್ಜರ್ ತೆಗೆದು, ಮುಖಕ್ಕೆ ತಾಗಿಸದೆ, ಎರಡು ಎಲೆಕ್ಟ್ರೋಡ್ ಮಧ್ಯೆ ಒಂದು ಕಿಲೋಓಮ್ ರೆಸಿಸ್ಟರ್ ಹಾಕಿ ಸಿಆರ್‌ಒದಲ್ಲಿ ನೋಡಿದರೆ ಗೊತ್ತಾಗಿಬಿಡುತ್ತೆ. ಇನ್ನೊಂದು ವಿಷಯ: ಹಿಡಿಯ ಹಿಂದೆ ಇರುವ ಲೋಹದ ಪಟ್ಟಿ ಅಲಂಕಾರಕ್ಕಲ್ಲ, ಅದೇ ರಿಟರ್ನ್ ಎಲೆಕ್ಟ್ರೋಡ್. ಕೈ ಒಣಗಿದ್ದರೆ ಅಥವಾ ಗ್ಲೌಸ್ ಹಾಕಿದ್ದರೆ ಸರ್ಕ್ಯೂಟ್ ಸರಿಯಾಗಿ ಪೂರ್ತಿ ಆಗಲ್ಲ.

ಅಲ್ಟ್ರಾಸೌಂಡ್ ಉಪಕರಣಗಳದ್ದು ಬೇರೆ ಕಥೆ. 1995ರಲ್ಲಿ ಮಿತ್ರಗೋತ್ರಿ, ಬ್ಲಾಂಕ್‌ಸ್ಟೈನ್, ಲ್ಯಾಂಗರ್ ಸೇರಿ 20 ಕಿಲೋಹರ್ಟ್ಸ್ ಶಬ್ದದಿಂದ ಸುಮಾರು 5,800 ಡಾಲ್ಟನ್‌ನ ಇನ್ಸುಲಿನ್ ಅನ್ನೂ ಚರ್ಮ ದಾಟಿಸಿದರು. ಅಲ್ಲಿ ಕೆಲಸ ಮಾಡಿದ್ದು ಕ್ಯಾವಿಟೇಶನ್, ಗುಳ್ಳೆಗಳು ಹುಟ್ಟಿ ಒಡೆದು ಗಾರೆಯನ್ನು ಸಡಿಲ ಮಾಡೋದು. ಮನೆಬಳಕೆಯ ಎಷ್ಟೋ ಉಪಕರಣಗಳು ಓಡೋದು 1ರಿಂದ 3 ಮೆಗಾಹರ್ಟ್ಸ್‌ನಲ್ಲಿ. ಅಷ್ಟು ಬೇಗ ಒತ್ತಡ ಬದಲಾದರೆ ಗುಳ್ಳೆ ಬೆಳೆಯೋಕೆ ಸಮಯವೇ ಸಿಗಲ್ಲ, ಸಿಗೋದು ಮುಖ್ಯವಾಗಿ ಬಿಸಿ ಮತ್ತು ಮಸಾಜ್. ಕೆಂಪು ಎಲ್‌ಇಡಿ ಮಾಸ್ಕ್‌ಗಳ ಬಗ್ಗೆ ಇಷ್ಟು ಸಾಕು: ಬೆಳಕು ಕ್ರೀಮನ್ನು ತಳ್ಳಲ್ಲ, ಅದರ ಲಾಭ ಇದ್ದರೆ ಅದು ಬೇರೆಯೇ ವಿಷಯ.

ಗೋಡೆಯನ್ನು ನಿಜವಾಗಿ ತೂತು ಮಾಡೋದು ಡರ್ಮಾರೋಲರ್. 0.25 ಮಿಲಿಮೀಟರ್ ಸೂಜಿ ಅಂದರೆ 250 ಮೈಕ್ರೋಮೀಟರ್, ಪದರ ಇರೋದು 20. ನನಗೆ ಭಯ ಇರೋದು ಇದರದ್ದೇ, ಯಾಕಂದರೆ ಇದು ಅಗ್ಗ ಮತ್ತು ಹಾಸ್ಟೆಲ್‌ಗಳಲ್ಲಿ ಓಡಾಡುತ್ತೆ. ತೂತಿನಲ್ಲಿ ವಿಟಮಿನ್ ಒಂದೇ ಹೋಗಲ್ಲ, ಸುಗಂಧ, ಪ್ರಿಸರ್ವೇಟಿವ್, ಬ್ಯಾಕ್ಟೀರಿಯಾ ಎಲ್ಲಾ ಹೋಗುತ್ತೆ. ಸೂಜಿ ಚುಚ್ಚಿಸಿಕೊಂಡು ಮೇಲೆ ಸೀರಮ್ ಹಚ್ಚಿದ ಮೂವರು ಮಹಿಳೆಯರ ಮುಖದಲ್ಲಿ ಗ್ರಾನುಲೋಮಾ ಎಂಬ ಗಂಟುಗಳಾದ ವರದಿ 2014ರಲ್ಲಿ ಜಾಮಾ ಡರ್ಮಟಾಲಜಿ ಪತ್ರಿಕೆಯಲ್ಲಿ ಬಂದಿದೆ. ಮುಖಕ್ಕೆ ಹಚ್ಚೋಕೆ ಸೇಫ್ ಅಂದರೆ ಚುಚ್ಚಿ ಒಳಗೆ ಬಿಡೋಕೆ ಸೇಫ್ ಅಂತ ಅರ್ಥ ಅಲ್ಲ. ರೂಮ್‌ಮೇಟ್ ರೋಲರ್ ಅಂತೂ ದಯವಿಟ್ಟು ಮುಟ್ಟಬೇಡಿ, ಅದರಲ್ಲಿ ರಕ್ತ ಇರುತ್ತೆ.

ಕರೆಂಟ್ ಉಪಕರಣದ ಮ್ಯಾನ್ಯುಯಲ್‌ಗಳಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಸಾಲು ಇರುತ್ತೆ: ಪೇಸ್‌ಮೇಕರ್ ಇರುವವರು ಬಳಸಬಾರದು. ಗರ್ಭಿಣಿಯರಿಗೆ, ಮೂರ್ಛೆರೋಗ ಇರುವವರಿಗೂ ಬೇಡ ಅಂತಾರೆ. ನಮ್ಮ ಅಜ್ಜಿಗೆ ಪೇಸ್‌ಮೇಕರ್ ಇದೆ. ಮನೆಗೆ ಹೊಸ ವಸ್ತು ಬಂದರೆ "ನಂಗೂ ಒಂದ್ಸಲ ಹಚ್ಚೇ" ಅನ್ನೋದು ಅವರೇ ಮೊದಲು. ಚಿಕ್ಕಮ್ಮ ವಾಪಸ್ ಕಳಿಸಿದ್ದು ನನ್ನ ಫ್ಯಾರಡೆ ಲೆಕ್ಕ ನೋಡಿ ಅಲ್ಲ, ಈ ಸಾಲು ಓದಿ.

ಹಾಗಾದರೆ ಬಳಸಿದವರಲ್ಲಿ ಎಷ್ಟೋ ಜನ ಮುಖ ಚೆನ್ನಾಗಾಯ್ತು ಅನ್ನೋದು ಸುಳ್ಳಾ? ಸುಳ್ಳಲ್ಲ. ಜೆಲ್ ಹಚ್ಚಿ ಐದು ನಿಮಿಷ ಉಜ್ಜಿದರೆ ಮೇಲಿನ ಪದರ ನೀರು ಹೀರಿ ಉಬ್ಬುತ್ತೆ, ಸಣ್ಣ ಗೆರೆಗಳು ಕೆಲವು ಗಂಟೆ ಮಾಯ. ಜೊತೆಗೆ ದುಡ್ಡು ಕೊಟ್ಟವರು ಸೀರಮ್ಮನ್ನು ದಿನಾ ತಪ್ಪದೆ ಹಚ್ಚುತ್ತಾರೆ. ಸುಕ್ಕಿನ ಮೇಲೆ ಗಟ್ಟಿ ಸಾಕ್ಷಿ ಇರುವ ಟ್ರೆಟಿನಾಯಿನ್ (ಡಾಕ್ಟರ್ ಚೀಟಿ ಬೇಕು) ಯಾವ ಮೆಷಿನ್ ಇಲ್ಲದೆ, ರಾತ್ರಿ ಹಚ್ಚಿ ಮಲಗಿದರೆ ಸಾಕು, ತಿಂಗಳುಗಟ್ಟಲೆ ನಿಧಾನವಾಗಿ ಕೆಲಸ ಮಾಡುತ್ತೆ. ಐದು ನಿಮಿಷದ ಕರೆಂಟ್‌ಗಿಂತ ಎಂಟು ಗಂಟೆಯ ಡಿಫ್ಯೂಷನ್ ಮೇಲು. ಹಗಲು ಸನ್‌ಸ್ಕ್ರೀನ್.

ಈಗಾಗಲೇ ಉಪಕರಣ ಮನೆಯಲ್ಲಿದ್ದು, ವಾಪಸ್ ಮಾಡೋ ದಿನ ಮುಗಿದಿದ್ದರೆ, ಅದನ್ನೇ ಪ್ರಯೋಗ ಮಾಡಿ. ಎರಡೂ ಕೆನ್ನೆಗೆ ಅದೇ ಸೀರಮ್, ಅಷ್ಟೇ ಹನಿ, ಅಷ್ಟೇ ನಿಮಿಷ ಉಜ್ಜೋದು. ಬಲಗಡೆ ಆನ್, ಎಡಗಡೆ ಆಫ್. ಹನ್ನೆರಡು ವಾರ. ಫೋಟೋ ಬೆಳಗ್ಗೆ ಮುಖ ತೊಳೆದು ಅರ್ಧ ಗಂಟೆ ಬಿಟ್ಟು, ಅದೇ ಕಿಟಕಿ ಹತ್ತಿರ, ಫಿಲ್ಟರ್ ಇಲ್ಲದೆ ತೆಗೀಬೇಕು. ಕೊನೆಗೆ ಯಾವ ಕೆನ್ನೆ ಯಾವುದು ಅಂತ ಹೇಳದೆ ಫೋಟೋಗಳನ್ನು ಮೂರು ಜನಕ್ಕೆ ತೋರಿಸಿ, ಯಾವುದು ಚೆನ್ನಾಗಿದೆ ಅಂತ ಬೇರೆ ಬೇರೆಯಾಗಿ ಕೇಳಿ. ಆ ಮೂವರಲ್ಲಿ ನೀವು ಇರಬಾರದು.