ಎಂಜಿನ್ ಯಾಕೆ ಕಾಯ್ತು?

ಅಕ್ಕ ತಂಗಿಯರೇ, ಮಲ್ಪೆಯಿಂದ ಕಾರವಾರದವರೆಗೆ ಎಷ್ಟೋ ಮನೆಗಳ ಅನ್ನ ದೋಣಿಯಿಂದಲೇ ಬರುತ್ತದೆ. ನಡುಗಡಲಲ್ಲಿ ಎಂಜಿನ್ ನಿಂತರೆ ಜೀವಕ್ಕೇ ಭಯ. ರಿಪೇರಿ ಸಾಲ ತೀರಿಸುವವರೂ ನಾವೇ. ಎಂಜಿನ್ ಸಂಗತಿ ನಾವೂ ತಿಳಿಯೋಣ.

ಡೀಸೆಲ್ ಉರಿದಾಗ ಎಂಜಿನ್ ಕಾಯುತ್ತದೆ. ಹಲವು ದೋಣಿಗಳಲ್ಲಿ ಎಂಜಿನ್ ಒಳಗೆ ಸಿಹಿನೀರು ಸುತ್ತುತ್ತದೆ. ಪಂಪು ಎಳೆದ ಕಡಲ ನೀರು ಅದನ್ನು ತಣಿಸಿ ಹೊರಗೆ ಬೀಳುತ್ತದೆ.

ಮೀಟರಿನ ಮುಳ್ಳು ಕೆಂಪು ಗೆರೆಗೆ ಹೋಯಿತೆ? ಮೊದಲು ವೇಗ ಇಳಿಸಬೇಕು. ಹೊರಗೆ ಬೀಳುವ ನೀರನ್ನು ನೋಡಬೇಕು.

ನೀರು ಕಡಿಮೆಯಾಗಿದೆಯೆ? ಎಂಜಿನ್ ನಿಲ್ಲಿಸಬೇಕು. ನೀರು ಎಳೆಯುವ ಬಾಯಿಗೆ ಪ್ಲಾಸ್ಟಿಕ್ ಚೀಲ ಅಂಟಿರಬಹುದು. ಕಸ ತಡೆಯುವ ಜಾಲರಿಗೆ ಪಾಚಿ ಕಟ್ಟಿರಬಹುದು. ವಾಲ್ವ್ ಮುಚ್ಚಿ ಜಾಲರಿ ತೊಳೆಯಬೇಕು. ವಾಲ್ವ್ ಮತ್ತೆ ತೆರೆಯಲು ಮರೆಯಬಾರದು. ಆಗಲೂ ನೀರು ಬಾರದಿದ್ದರೆ ಪಂಪಿನ ರಬ್ಬರ್ ಚಕ್ರ ಹರಿದಿರಬಹುದು. ಹೊಸದು ಹಾಕಬೇಕು.

ನೀರು ಚೆನ್ನಾಗಿ ಬೀಳುತ್ತಿದೆಯೆ? ಆದರೂ ಮುಳ್ಳು ಇಳಿಯಲಿಲ್ಲವೆ? ಎಂಜಿನ್ ನಿಲ್ಲಿಸಿ ಬೆಲ್ಟು ನೋಡಬೇಕು. ಎಂಜಿನ್ ತಣ್ಣಗಾದ ಮೇಲೆ ಒಳಗಿನ ಸಿಹಿನೀರು ನೋಡಬೇಕು. ಬಿಸಿ ಇದ್ದಾಗ ಮುಚ್ಚಳ ತೆರೆಯಬಾರದು. ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಕೆಲವು ಸಲ ಮೀಟರೇ ಸುಳ್ಳು ಹೇಳುತ್ತದೆ. ವಯರು ಕೆಟ್ಟರೂ ಮುಳ್ಳು ಏರಬಹುದು. ಆದರೆ ಮೆಕ್ಯಾನಿಕ್ ನೋಡುವ ತನಕ ಅದನ್ನು ನಿಜವೆಂದೇ ನಂಬಬೇಕು.

ಜಾಲರಿ ತೊಳೆಯಲು ಕಾಸು ಬೇಡ. ಎಂಜಿನ್ ಜಾಮ್ ಆದರೆ ಸಾವಿರಾರು ರೂಪಾಯಿ ಬೇಕು. ನಾವು ಕಡಲಿಗೆ ಪ್ಲಾಸ್ಟಿಕ್ ಎಸೆಯುವುದು ಬಿಡೋಣ. ದೋಣಿ ಹೊರಡುವ ಮುಂಚೆ ಒಂದು ಮಾತು ಕೇಳೋಣ: "ಜಾಲರಿ ತೊಳೆದ್ರಾ?"