ಹೆಸರು ಬದಲಿಸಿದ ತಂತ್ರಾಂಶ



ಅಂಗಡಿಗೆ ಹೋದಾಗ ನೀವು ಬರೇ “ಸಾಬೂನು ಕೊಡಿ” ಎನ್ನುತ್ತೀರಾ? ಇಲ್ಲ, ಹೆಸರು ಹೇಳಿ ಕೇಳುತ್ತೀರಿ. ಆ ಹೆಸರಿನ ಸಾಬೂನು ಹೇಗಿರುತ್ತದೆ ಎಂದು ಮನೆಯವರಿಗೆ ಗೊತ್ತು. ಬೇರೆ ಯಾರೋ ತಮ್ಮ ಸಾಬೂನಿಗೂ ಅದೇ ಹೆಸರಿಟ್ಟರೆ ಏನಾದೀತು? ಕೊಳ್ಳುವವರು ಮೋಸಹೋಗುತ್ತಾರೆ. ಹೀಗಾಗದಂತೆ ತಯಾರಕರು ತಮ್ಮ ಹೆಸರಿನ ಮೇಲೆ ಹಕ್ಕು ಪಡೆಯುತ್ತಾರೆ. ಇಂತಹ ಹೆಸರು ಅಥವಾ ಗುರುತನ್ನು ಟ್ರೇಡ್‌ಮಾರ್ಕ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದಕ್ಕಾಗಿ 1999ರ ಕಾಯಿದೆಯಿದೆ.

ಕಂಪ್ಯೂಟರಿನ ತಂತ್ರಾಂಶಗಳಿಗೂ ಹೆಸರಿರುತ್ತದೆ. ಅವುಗಳಲ್ಲಿ ಕೆಲವು ಮುಕ್ತ ತಂತ್ರಾಂಶಗಳು. ಇವನ್ನು ಯಾರೂ ಬಳಸಬಹುದು, ಪ್ರತಿಮಾಡಿ ಹಂಚಬಹುದು, ತಿದ್ದಲೂಬಹುದು. ನಮ್ಮ ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿಯೂ ಇಂತಹ ತಂತ್ರಾಂಶಗಳಿವೆ. ತಂತ್ರಾಂಶ ಎಲ್ಲರದೂ ಸರಿ, ಅದರ ಹೆಸರೂ ಎಲ್ಲರದೇ? ಫೈರ್‌ಫಾಕ್ಸಿನ ಕತೆಯನ್ನು ಓದಿ ತಿಳಿಯೋಣ.

ಮೂರು ಹೆಸರುಗಳು

ಇಂಟರ್ನೆಟ್ಟಿನ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. 2002ರಲ್ಲಿ ಅಮೆರಿಕದ ಮೊಝಿಲ್ಲಾ ಬಳಗದವರು ಒಂದು ಹೊಸ ಬ್ರೌಸರನ್ನು ಹೊರತಂದರು. ಅದಕ್ಕೆ ‘ಫೀನಿಕ್ಸ್’ ಎಂದು ಹೆಸರಿಟ್ಟರು. ಫೀನಿಕ್ಸ್ ಎಂದರೆ ಸುಟ್ಟ ಬೂದಿಯಿಂದ ಮತ್ತೆ ಹುಟ್ಟಿಬರುವ, ಕತೆಗಳಲ್ಲಿನ ಹಕ್ಕಿ. ಹೆಸರು ಚೆನ್ನಾಗಿತ್ತು. ಆದರೆ ಫೀನಿಕ್ಸ್ ಟೆಕ್ನಾಲಜೀಸ್ ಎಂಬ ಕಂಪೆನಿ ಮೊದಲೇ ಇತ್ತು. ಕಂಪ್ಯೂಟರ್ ಚಾಲೂ ಮಾಡಿದೊಡನೆ ಮೊದಲು ಕೆಲಸಮಾಡುವ ತಂತ್ರಾಂಶವನ್ನು ಅದು ತಯಾರಿಸುತ್ತಿತ್ತು. “ಇದು ನಮ್ಮ ಹೆಸರು” ಎಂದು ಆ ಕಂಪೆನಿ ಆಕ್ಷೇಪಿಸಿತು. ಎರಡೂ ಕಂಪ್ಯೂಟರಿಗೆ ಸಂಬಂಧಿಸಿದವುಗಳೇ. ಆದುದರಿಂದ ಜನರಿಗೆ ಗೊಂದಲವಾಗುವ ಸಾಧ್ಯತೆಯಿತ್ತು.

2003ರ ಏಪ್ರಿಲ್‌ನಲ್ಲಿ ಹೆಸರು ಬದಲಾಯಿತು. ಈ ಸಲ ‘ಫೈರ್‌ಬರ್ಡ್’, ಎಂದರೆ ಬೆಂಕಿಯ ಹಕ್ಕಿ. ಆದರೆ ಫೈರ್‌ಬರ್ಡ್ ಎಂಬ ಇನ್ನೊಂದು ತಂತ್ರಾಂಶ 2000ದಿಂದಲೇ ಇತ್ತು! ಮಾಹಿತಿಯನ್ನು ಜೋಡಿಸಿಡಲು ಅದನ್ನು ಬಳಸುತ್ತಿದ್ದರು. ಅದೂ ಮುಕ್ತ ತಂತ್ರಾಂಶವೇ. ಅದನ್ನು ಬೆಳೆಸಿದವರಿಗೆ ಬಹಳ ಬೇಸರವಾಯಿತು. ತಮ್ಮ ಹೆಸರು ದೊಡ್ಡ ಬಳಗದ ನೆರಳಿನಲ್ಲಿ ಮರೆಯಾದೀತೆಂದು ಅವರು ಪ್ರತಿಭಟಿಸಿದರು.

2004ರ ಫೆಬ್ರವರಿಯಲ್ಲಿ ಮತ್ತೆ ಹೆಸರು ಬದಲಾಯಿತು. ಈ ಸಲ ‘ಫೈರ್‌ಫಾಕ್ಸ್’. ಇದು ಕೆಂಪು ಪಾಂಡಾದ ಇನ್ನೊಂದು ಹೆಸರು. ಹಿಮಾಲಯದ ಕಾಡುಗಳಲ್ಲಿ ವಾಸಿಸುವ ಆ ಪ್ರಾಣಿ ಸಿಕ್ಕಿಮಿನ ರಾಜ್ಯಪ್ರಾಣಿ. ಮೊಝಿಲ್ಲಾದವರು ಈ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಅರ್ಜಿಯನ್ನೂ ಹಾಕಿದ್ದರು. ಅದೇ ಹೆಸರು ಇಂದಿಗೂ ಉಳಿದಿದೆ.

ಹೆಸರು ಯಾರದು?

ಮುಂದೆ ಇನ್ನೊಂದು ಸಂಗತಿ ನಡೆಯಿತು. ಡೆಬಿಯನ್ ಎಂಬ ಬಳಗದ ಸ್ವಯಂಸೇವಕರು ಫೈರ್‌ಫಾಕ್ಸನ್ನು ತಮಗೆ ಬೇಕಾದಂತೆ ತಿದ್ದಿ ಹಂಚುತ್ತಿದ್ದರು. “ತಿದ್ದಲು ಅಡ್ಡಿಯಿಲ್ಲ. ಆದರೆ ನಮ್ಮ ಹೆಸರಿನಲ್ಲಿ ಹಂಚುವುದಾದರೆ ನಮ್ಮ ನಿಯಮ ಪಾಲಿಸಬೇಕು” ಎಂಬುದು ಮೊಝಿಲ್ಲಾದ ನಿಲುವು. ಡೆಬಿಯನ್ ಬಳಗ ಅದಕ್ಕೆ ಒಪ್ಪಲಿಲ್ಲ. 2006ರಲ್ಲಿ ಅವರು ತಮ್ಮ ಪ್ರತಿಗೆ ‘ಐಸ್‌ವೀಝಲ್’ ಎಂದು ಹೆಸರಿಟ್ಟರು. ಬೆಂಕಿಯ ಬದಲು ಮಂಜುಗಡ್ಡೆ, ನರಿಯ ಬದಲು ವೀಝಲ್ ಎಂಬ ಪುಟ್ಟ ಪ್ರಾಣಿ! 2016ರಲ್ಲಿ ಎರಡೂ ಕಡೆಯವರು ಹೊಂದಿಕೊಂಡರು. ಡೆಬಿಯನ್‌ನಲ್ಲಿ ಫೈರ್‌ಫಾಕ್ಸ್ ಎಂಬ ಹೆಸರು ಮರಳಿ ಬಂತು.

ಹಂಚಿಕೊಳ್ಳುವವರು ಹೆಸರನ್ನೇಕೆ ಕಾಯಬೇಕು? ಯಾರಾದರೂ ಹಾನಿಕರವಾದ ತಂತ್ರಾಂಶಕ್ಕೆ ಅದೇ ಹೆಸರಿಟ್ಟು ಹಂಚಿದರೆ, ನಂಬಿ ಬಳಸಿದವರಿಗೆ ನಷ್ಟವಾಗುತ್ತದೆ. ಹೆಸರು ನಂಬಿಕೆಯ ಗುರುತು. ಆದುದರಿಂದ ಹೊಸದಕ್ಕೆ ಹೆಸರಿಡುವ ಮೊದಲು ಅದು ಬೇರೆಯವರದೇ ಎಂದು ಹುಡುಕಿ ನೋಡಬೇಕು.

ಪದಗಳ ಅರ್ಥ

ಆಕ್ಷೇಪಿಸು – ತಕರಾರು ಹೇಳು
ನೋಂದಾಯಿಸು – ದಾಖಲೆಯಲ್ಲಿ ಬರೆಯಿಸು
ಸ್ವಯಂಸೇವಕರು – ಸಂಬಳವಿಲ್ಲದೆ ಸ್ವಂತ ಇಚ್ಛೆಯಿಂದ ದುಡಿಯುವವರು

ಉತ್ತರಿಸಿರಿ

1. ಫೀನಿಕ್ಸ್ ಎಂಬ ಹೆಸರನ್ನು ಬದಲಿಸಬೇಕಾಯಿತು. ಏಕೆ?
2. ಫೈರ್‌ಬರ್ಡ್ ತಂತ್ರಾಂಶವನ್ನು ಬೆಳೆಸಿದವರು ಬೇಸರಗೊಂಡುದು ಸರಿಯೇ? ನಿಮ್ಮ ಅಭಿಪ್ರಾಯ ಬರೆಯಿರಿ.
3. “ತಂತ್ರಾಂಶ ಎಲ್ಲರದು, ಹೆಸರು ಎಲ್ಲರದಲ್ಲ.” ಚರ್ಚಿಸಿರಿ.

ಚಟುವಟಿಕೆ

ನಿಮ್ಮ ತರಗತಿಯ ಕೈಬರಹ ಪತ್ರಿಕೆಗೆ ಮೂರು ಹೆಸರುಗಳನ್ನು ಸೂಚಿಸಿರಿ. ಶಾಲೆಯ ಬೇರೆ ತರಗತಿಯವರು ಆ ಹೆಸರುಗಳನ್ನು ಬಳಸಿದ್ದಾರೆಯೇ ಎಂದು ವಿಚಾರಿಸಿರಿ. ಅನಂತರ ಒಂದನ್ನು ಆರಿಸಿರಿ.